ಸಾಸಿವೆಯ ಎರಡನೇ ಲೋಟ

ಜೂನ್ 3

ಬೀಗಿತ್ತಿಯವರಿಗೆ,

ನಾನು ಯಾರು ಅನ್ನುವುದು ನಿಮಗೆ ಗೊತ್ತು. ಆದರೂ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತು ಬೆಳೆಯುವುದು ಬೇಡ. ಈ ಹಾಸಿಗೆ ಕಾರ್ಖಾನೆಯ ಒಡತಿ ನಾನು. ನಮ್ಮವರು ಹೋದ ಮೇಲೆ ಹತ್ತಿ ಹಿಂಜುವ ಯಂತ್ರದಿಂದ ಹಿಡಿದು ಅಡುಗೆಮನೆಯ ಉಪ್ಪಿನ ಡಬ್ಬಿಯವರೆಗೆ ಎಲ್ಲವೂ ನನ್ನ ಮಾತಿನಂತೆ ನಡೆಯುತ್ತದೆ. ಹೈಸ್ಕೂಲು ಮುಗಿಸಿದ್ದೇನೆ. ಅದಕ್ಕಿಂತ ಹೆಚ್ಚಿನ ಓದು ಈವರೆಗೆ ಬೇಕಾಗಿ ಬಂದಿಲ್ಲ. ನನ್ನ ಮಗ ನಿಮ್ಮ ಮಗಳ ಗಂಡ. ಗಂಡ ಹೆಂಡತಿ ಇಬ್ಬರೂ ಸೇತುವೆ ಕಟ್ಟುವ ಕ್ಯಾಂಪಿನಲ್ಲಿದ್ದಾರೆ, ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಅವರ ಮಗಳು ಸಾಸಿವೆ ಕೆಲವು ತಿಂಗಳು ನಿಮ್ಮಲ್ಲಿ, ಕೆಲವು ತಿಂಗಳು ನನ್ನಲ್ಲಿ. ಈಗ ಸರದಿ ನನ್ನದು.

ಮಗು ಕ್ಷೇಮವಾಗಿ ಬಂದು ತಲುಪಿದೆ. ಮೈಕೈ ತುಂಬಿಕೊಂಡಿದೆ, ಅದಕ್ಕೆ ನಿಮ್ಮನ್ನು ಮೆಚ್ಚಬೇಕು. ಆದರೆ ಪೆಟ್ಟಿಗೆ ಬಿಚ್ಚಿದರೆ ಬಟ್ಟೆಗಿಂತ ಮೊದಲು ಕೈಗೆ ಸಿಕ್ಕಿದ್ದು ಮುಚ್ಚಳದಿಂದ ಕೊಕ್ಕು ಹೊರಟ ಲೋಟಗಳು. ಒಂದು ಹಳದಿ, ಒಂದು ನೀಲಿ. ನನ್ನ ಓರಗಿತ್ತಿ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಅಕ್ಕಾ, ಇದೇನು ಗಿಣಿಗೆ ನೀರಿಡೋದಾ?" ಅಂದಳು. ಹೊಲಿಗೆಯ ಹೆಂಗಸರೆಲ್ಲ ನಕ್ಕರು. ನಾನು ನಗಲಿಲ್ಲ.

ಮಗುವಿಗೆ ಎರಡು ತುಂಬುತ್ತಾ ಬಂತು. ಓಡುತ್ತದೆ, ಮೆಟ್ಟಿಲು ಹತ್ತುತ್ತದೆ, ದೊಡ್ಡವರಿಗೆ ಎದುರು ಮಾತಾಡುತ್ತದೆ. ಲೋಟ ಎತ್ತಿ ಕುಡಿಯುವುದಕ್ಕೆ ಮಾತ್ರ ಬರುವುದಿಲ್ಲವೆ? ಈ ಮನೆಯಲ್ಲಿ ಸುತ್ತ ಬಿಳಿ ಹತ್ತಿ ಇದ್ದರೂ ಮಕ್ಕಳೆಲ್ಲ ತೆರೆದ ಲೋಟದಲ್ಲೇ ಕುಡಿದು ದೊಡ್ಡವರಾದರು. ಎರಡೂ ಮೂತಿ ಲೋಟಗಳನ್ನು ಕಪಾಟಿನ ಮೇಲಕ್ಕೆ ಸೇರಿಸಿದ್ದೇನೆ.

ಇನ್ನೊಂದು ಮಾತು. ಮಗು ಹೀಗೆ ಅತ್ತಿತ್ತ ಓಡಾಡುವುದು ಸಾಕು, ಸೇತುವೆ ಮುಗಿಯುವವರೆಗೆ ಒಂದೇ ಮನೆಯಲ್ಲಿರಲಿ ಎಂದು ಮಗ ಸೊಸೆ ಇಬ್ಬರೂ ಬರೆದಿದ್ದಾರೆ. ಯಾವ ಮನೆ ಅನ್ನುವುದನ್ನು ನನ್ನ ತೀರ್ಮಾನಕ್ಕೆ ಬಿಟ್ಟಿದ್ದಾರೆ. ನಾನಿನ್ನೂ ತೀರ್ಮಾನಿಸಿಲ್ಲ. ನಿಮಗೆ ತಿಳಿದಿರಲಿ ಎಂದು ಬರೆದೆ.

ಇತಿ,
ಸಾಸಿವೆಯ ದೊಡ್ಡಜ್ಜಿ


ಜೂನ್ 12

ಪ್ರೀತಿಯ ಬೀಗಿತ್ತಿಯವರೆ,

ಪತ್ರ ಬಂತು. ಗಿಣಿಯ ಮಾತು ಓದಿ ನಾನೊಬ್ಬಳೇ ಕೂತು ನಕ್ಕೆ. ನಿಮ್ಮ ಓರಗಿತ್ತಿಗೆ ಹೇಳಿ, ಆ ಗಿಣಿ ಕಚ್ಚುತ್ತದೆ ಕೂಡ.

ನಿಮ್ಮ ಮಾತು ಸರಿ. ತೆರೆದ ಲೋಟ ಕಲಿಯುವ ವಯಸ್ಸು ಅವಳದು. ಆದರೆ ತುಂಬಿದ ಲೋಟ ಕೊಡಬೇಡಿ. ದಪ್ಪ ಅಂಚಿನ ಚಿಕ್ಕ ಲೋಟ ಇರಲಿ, ಅದರ ತಳದಲ್ಲಿ ಒಂದೇ ಗುಟುಕು ನೀರು. ಮೊದಲು ನೀರು, ಹಾಲು ಆಮೇಲೆ. ಎರಡೂ ಕೈಯಲ್ಲಿ ಹಿಡಿಯಲಿ, ನಿಮ್ಮ ಬೆರಳು ಕೆಳಗೆ ಆಸರೆಗಿರಲಿ. ಚೆಲ್ಲಿದರೆ ಗದರಬೇಡಿ. ನನಗೆ ಇಷ್ಟೆಲ್ಲ ಗೊತ್ತಿದ್ದೂ ನಾನೇ ಏಕೆ ಕಲಿಸಲಿಲ್ಲ ಎಂದು ಕೇಳುತ್ತೀರಿ. ಸೋಮಾರಿತನ ಅಂದುಕೊಳ್ಳಿ.

ಒಂದೇ ಬೇಡಿಕೆ. ಮಧ್ಯಾಹ್ನದ ಹಾಲಿಗೆ ಮಾತ್ರ ಸ್ವಲ್ಪ ದಿನ ಆ ಕೊಕ್ಕಿನ ಸಿಪ್ಪರ್ ಲೋಟವೇ ಇರಲಿ. ನಮ್ಮ ಕಿಟಕಿಯ ಕೆಳಗೆ ಈಜುಕೊಳ ಇರುವುದು ನಿಮಗೆ ಗೊತ್ತು. ಬಿಸಿಲು ನೀರಿಗೆ ಬಿದ್ದು, ಅಲ್ಲಿಂದ ಎದ್ದು, ಮೂರನೇ ಮಹಡಿಯ ನಮ್ಮ ಛಾವಣಿಗೆ ಬರುತ್ತದೆ. ಊಟವಾದ ಮೇಲೆ ಇಡೀ ಛಾವಣಿ ಅಲೆ ಅಲೆಯಾಗಿ ತೂಗುತ್ತಿರುತ್ತದೆ. ಅದರ ಕೆಳಗೆ ಚಾಪೆ ಹಾಸಿಕೊಂಡು ನಾವಿಬ್ಬರೂ ಮಲಗುತ್ತಿದ್ದೆವು. ಕೆಳಗಿನಿಂದ ಈಜುವವರ ಕೂಗು ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತದೆ. ಸಾಸಿವೆ ಹಾಲು ಚೀಪುತ್ತಾ ಚೀಪುತ್ತಾ, "ಅಜ್ಜಿ, ಮೀನು" ಅನ್ನುತ್ತಿದ್ದಳು. ಛಾವಣಿಯಲ್ಲಿ ಅವಳಿಗೆ ಮೀನು ಕಾಣುತ್ತಿತ್ತು. ಆಮೇಲಾಮೇಲೆ ನನಗೂ ಕಾಣಿಸತೊಡಗಿತು.

ಮನೆ ಯಾವುದು ಅನ್ನುವ ತೀರ್ಮಾನ ನಿಮ್ಮದು. ನಾನು ಅದರ ಬಗ್ಗೆ ಏನೂ ಹೇಳುವುದಿಲ್ಲ. ಸರದಿ ಮುಗಿದ ಮೇಲೆ ಅವಳು ಬರಬಹುದೆಂದು ಚಾಪೆಯನ್ನು ಸುತ್ತಿಟ್ಟಿಲ್ಲ, ಅಷ್ಟೆ.

ಇತಿ,
ಟಕಟಕ ಅಜ್ಜಿ


ಜೂನ್ 24

ಬೀಗಿತ್ತಿಯವರಿಗೆ,

ನೀವು ದೊಡ್ಡ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು, ಒಪ್ಪುತ್ತೇನೆ. ಮಗು ನಿಮಗೆ ಟಕಟಕ ಅಜ್ಜಿ ಅನ್ನುವುದು ಚೆನ್ನಾಗಿಯೇ ಇದೆ. ಆದರೆ ಮನೆಯವರಿಗೆ ಬರೆಯುವ ಪತ್ರವನ್ನೂ ಟೈಪು ಮಾಡಿ ಕಳಿಸುವುದೆ? ಮೊದಲೆಲ್ಲ ಕೈಯಲ್ಲಿ ಬರೆಯುತ್ತಿದ್ದಿರಿ, ಅಕ್ಷರ ಮುತ್ತಿನ ಹಾಗಿತ್ತು. ಈಗ ಸಹಿಯೂ ಟೈಪು! ನೀರಿನ ಬಾಕಿಗೆ ನೋಟೀಸು ಬಂದ ಹಾಗಿತ್ತು. ನನ್ನ ಹತ್ತಿರ ಇಷ್ಟು ಬಿಗುವು ಏಕೋ ತಿಳಿಯಲಿಲ್ಲ.

ನೀವು ಹೇಳಿದ ಹಾಗೆ ದಪ್ಪ ಅಂಚಿನ ಲೋಟ ಹುಡುಕಿದೆ. ತಳದಲ್ಲಿ ಒಂದು ಗುಟುಕು ಹಾಕಿ, ಕಾರ್ಖಾನೆಯ ಕಲ್ಲುಮೆಟ್ಟಿಲ ಮೇಲೆ ಎದುರುಬದುರು ಕೂತು ಕಲಿಸುತ್ತಿದ್ದೇನೆ. ಸಾಸಿವೆ ಲೋಟವನ್ನು ನೋಡುತ್ತದೆ, ನನ್ನನ್ನು ನೋಡುತ್ತದೆ, ಬಾಯಿ ಬಿಗಿ ಹಿಡಿಯುತ್ತದೆ. "ಕುಡಿ" ಅಂದರೆ "ನೀ ಕುಡಿ" ಅನ್ನುತ್ತದೆ. ನನಗೆ ಹೀಗೆ ತಿರುಗಿ ಹೇಳುವವರು ಈ ಮನೆಯಲ್ಲಿ ಇರಲಿಲ್ಲ. ನಿನ್ನೆ ಹಾಲನ್ನು ಆಗತಾನೆ ಹೊಲಿದು ಮುಗಿಸಿದ ಜೋಡಿ ಹಾಸಿಗೆಯ ನಡುಮಧ್ಯಕ್ಕೆ ಸುರಿದು, ಅದರಲ್ಲಿ ಬೆರಳಾಡಿಸುತ್ತಾ ಕೂತಿತ್ತು. ಹೊಲಿಗೆಯವಳು ತಲೆ ಚಚ್ಚಿಕೊಂಡಳು. ನಾನು ಗದರಲಿಲ್ಲ. ನೀವು ಹೇಳಿದಿರಿ ಎಂದಲ್ಲ, ನನಗೇ ಗದರಬೇಕು ಅನ್ನಿಸಲಿಲ್ಲ.

ಮಧ್ಯಾಹ್ನಕ್ಕೆ ಮೂತಿ ಲೋಟವನ್ನು ಇಳಿಸಿ ಕೊಟ್ಟೆ. ಒಂದು ಕೊಟ್ಟರೆ ಸಾಲದು, ಎರಡೂ ಬೇಕಂತೆ. ಹಳದಿ ತನ್ನ ಮುಂದೆ, ನೀಲಿ ಪಕ್ಕದಲ್ಲಿ. ನೀಲಿಯಲ್ಲೂ ಹಾಲು ಹಾಕಬೇಕು, ಆದರೆ ಅದನ್ನು ಮುಟ್ಟುವುದಿಲ್ಲ. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತಟ್ಟಿ, "ಬಾ" ಅನ್ನುತ್ತದೆ. ಯಾರೂ ಇರುವುದಿಲ್ಲ. ಒಂದಕ್ಕೆ ಎರಡು ಕೇಳುವ ಈ ಆಸೆಬುರುಕತನ ಒಳ್ಳೆಯದಲ್ಲ. ನೀವು ಅತಿ ಮುದ್ದು ಮಾಡಿದ್ದೀರಿ.

ನನಗೆ ಕನಸು ಬೀಳುವುದಿಲ್ಲ. ಆದರೂ ಹೇಳುತ್ತೇನೆ. ಮೊನ್ನೆ ಊಟವಾದ ಮೇಲೆ ಯಂತ್ರ ನಿಲ್ಲಿಸಿದ್ದರು. ಹಿಂಜಿದ ಹತ್ತಿಯ ರಾಶಿಯ ಮೇಲೆ ಮಗುವನ್ನು ಮಲಗಿಸಿ ಪಕ್ಕದಲ್ಲಿ ಒರಗಿದೆ. ಗಾಳಿಯಲ್ಲಿ ಎಳೆಗಳು ಕೆಳಗೂ ಬೀಳದೆ ಮೇಲೂ ಹೋಗದೆ ನಿಂತಿದ್ದವು. ಕಣ್ಣು ಮುಚ್ಚಿತೋ ಇಲ್ಲವೋ, ನಿಮ್ಮ ಈಜುಕೊಳದ ತಳದಲ್ಲಿ ನಾನು ಕೂತಿದ್ದೇನೆ. ಸೀರೆ ಒದ್ದೆಯಾಗುತ್ತಿಲ್ಲ. ತಲೆಯ ಮೇಲೆ ನೀರು, ನೀರಿನ ಮೇಲೆ ನೀವು. ನೀವು ಬಗ್ಗಿ ನನಗೆ ಏನೋ ಹೇಳುತ್ತಿದ್ದೀರಿ, ಒಂದು ಮಾತೂ ಕೇಳಿಸುತ್ತಿಲ್ಲ. ಎಚ್ಚರವಾದಾಗ ಓರಗಿತ್ತಿ ಬಾಗಿಲಲ್ಲಿ ನಿಂತು, "ಅಕ್ಕಾ, ನೀವು ಗೊರಕೆ ಹೊಡೀತಿದ್ರಿ" ಅಂದಳು. ಸುಳ್ಳು. ನಾನು ಗೊರಕೆ ಹೊಡೆಯುವುದಿಲ್ಲ.

ಇತಿ,
ದೊಡ್ಡಜ್ಜಿ


ಜುಲೈ 5

ಪ್ರೀತಿಯ ಬೀಗಿತ್ತಿಯವರೆ,

ಟೈಪಿನ ವಿಷಯಕ್ಕೆ ಬೇಸರ ಬೇಡ. ಬಿಗುವು ಖಂಡಿತ ಅಲ್ಲ. ಕೆಲಸ ಬಿಟ್ಟ ಮೇಲೂ ಬೆರಳಿಗೆ ಕೀಲಿಗಳ ಚಟ ಹೋಗಿಲ್ಲ, ಹೀಗೆ ಬರೆದರೆ ನನಗೆ ಸುಲಭ. ನಿಮ್ಮನ್ನು ನೆನೆದುಕೊಂಡೇ ಒಂದೊಂದು ಅಕ್ಷರ ಕುಟ್ಟುತ್ತೇನೆ.

ಎರಡು ಲೋಟದ ಆಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆಸೆಬುರುಕತನ ಅಲ್ಲ ಅದು. ಮಕ್ಕಳು ಒಂದು ಮನೆಯ ಆಟವನ್ನು ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಸ್ವಲ್ಪ ದಿನ ಕಳೆದರೆ ಮರೆಯುತ್ತಾಳೆ. ಮರೆಯಲಿ ಎಂದು ಬರೆದೆ. ಬರೆದ ಮೇಲೆ ಕಾಗದ ಹಾಗೇ ಬಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಿದ್ದೆ, ಈಗ ಬಂದು ಮುಂದುವರಿಸುತ್ತಿದ್ದೇನೆ.

ನಿಮ್ಮ ಕನಸು ಓದಿದೆ. ನೀರಿನ ಮೇಲೆ ಬಗ್ಗಿ ನಾನು ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು. ನನಗೆ ಈಚೆಗೆ ಹಗಲಿನಲ್ಲೇ ನಿದ್ದೆ. ನಿನ್ನೆ ಎದ್ದಾಗ ಪಕ್ಕದಲ್ಲಿ ಸಾಸಿವೆ ಇದ್ದಾಳೆಂದು ಮೆಲ್ಲಗೆ ಸರಿದು ಮಲಗಿದೆ. ಎಷ್ಟೋ ಹೊತ್ತು ಹಾಗೇ ಚಾಪೆಯ ಅಂಚಿನಲ್ಲಿದ್ದೆ.

ಕುಡಿಯುವುದನ್ನು ನೀವೇ ಕಲಿಸಿ. ನಿಮ್ಮ ಕೈ ಗಟ್ಟಿ. ಆ ದಬ್ಬಳದಂಥ ಸೂಜಿಯನ್ನು ಹಾಸಿಗೆಯ ಆಚೆಯಿಂದ ಈಚೆಗೆ ಒಂದೇ ಏಟಿಗೆ ಎಳೆಯುವುದನ್ನು ಮದುವೆಯ ಮಾತಿಗೆ ಬಂದಾಗ ನೋಡಿದ್ದೆ. ಅವತ್ತು ಮಗಳಿಗೆ ಮೆಲ್ಲಗೆ ಹೇಳಿದ್ದೆ, "ಅತ್ತೆ ಜೋರಿದ್ದಾರೆ ಕಣೆ, ಆದ್ರೆ ಹೊಲಿಗೆ ಬಿಡಲ್ಲ" ಅಂತ.

ಇತಿ,
ಟಕಟಕ ಅಜ್ಜಿ


ಜುಲೈ 20

ಬೀಗಿತ್ತಿಯವರಿಗೆ,

ಈ ಪತ್ರದಲ್ಲಿ ನಗುವಂಥದ್ದು ಏನೂ ಇಲ್ಲ.

ಸಾಸಿವೆ ಕೊನೆಗೂ ಲೋಟ ಎತ್ತಿತು. ಎರಡೂ ಕೈಯಲ್ಲಿ ಹಿಡಿಯಿತು, ನಾನು ಹೇಳಿಕೊಟ್ಟ ಹಾಗೆಯೇ. ತುಟಿಯ ಹತ್ತಿರ ತರುವಾಗ ಕೈ ನಡುಗಿತು. ಅಭ್ಯಾಸವಿಲ್ಲ, ಸರಿಹೋಗುತ್ತದೆ ಅಂದುಕೊಂಡೆ. ಮರುದಿನವೂ ನಡುಗಿತು. ಮುಚ್ಚಳದ ಲೋಟದಲ್ಲಿ ಚೆಲ್ಲುವುದಿಲ್ಲ, ಅದಕ್ಕೇ ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೀರು ಗಲ್ಲದ ಮೇಲೆ, ಕತ್ತಿನ ಮೇಲೆ, ಅಂಗಿಯ ಮೇಲೆ. ಖಾಲಿ ಲೋಟ ಕೊಟ್ಟು ನೋಡಿದೆ. ಅದಕ್ಕೂ ನಡುಗುತ್ತದೆ. ಇಷ್ಟು ಚಿಕ್ಕ ಕೈ, ಗಾಳಿಗೆ ಸಿಕ್ಕ ಎಲೆಯ ಹಾಗೆ. ಹೆದರಿಕೆ ಅನ್ನುವುದನ್ನು ನಾನು ಯಾರಿಗೂ ತೋರಿಸಿದವಳಲ್ಲ, ಅವತ್ತೂ ತೋರಿಸಲಿಲ್ಲ. ಮಗುವನ್ನು ಎತ್ತಿಕೊಂಡು ದಿಂಬಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಇದು ಹೇಗೆ ಬಂತು ಎಂದು ಯೋಚಿಸಿದೆ. ಹೊಳೆದದ್ದು ಒಂದೇ. ನೀವು ಚಾಪೆಯ ಮೇಲೆ ಮಲಗಿಸಿ, ಛಾವಣಿಯ ಮೀನು ತೋರಿಸುತ್ತಾ, ಆ ಕೊಕ್ಕಿನಲ್ಲೇ ಕುಡಿಸಿ ಕುಡಿಸಿ ಮಗುವಿನ ಕೈಗೆ ಬಲವೇ ಬರದ ಹಾಗೆ ಮಾಡಿದ್ದೀರಿ. ಸೋಮಾರಿತನ ಎಂದು ನೀವೇ ಬರೆದಿರಿ. ನಾನು ತಮಾಷೆ ಅಂದುಕೊಂಡಿದ್ದೆ.

ನಾಳೆ ಮಕ್ಕಳ ಡಾಕ್ಟರ ಹತ್ತಿರ ಹೋಗುತ್ತೇವೆ. ಅವರು ಏನೇ ಹೇಳಲಿ, ಮಗು ಇನ್ನು ನಿಮ್ಮಲ್ಲಿಗೆ ಬರುವುದಿಲ್ಲ. ಸೇತುವೆ ಮುಗಿಯುವವರೆಗೆ ನನ್ನ ಮನೆಯಲ್ಲೇ ಇರುತ್ತದೆ. ಹಾಗೆಂದು ಕ್ಯಾಂಪಿಗೆ ಬರೆಯುತ್ತೇನೆ. ನಿಮಗೆ ಇದರ ಬಗ್ಗೆ ಏನಾದರೂ ಹೇಳುವುದಿದ್ದರೆ ಈಗ ಹೇಳಿ.

ದೊಡ್ಡಜ್ಜಿ


ಜುಲೈ 29

ಬೀಗಿತ್ತಿಯವರೆ,

ಮಗುವಿನ ಕೈಗೆ ಏನೂ ಆಗಿಲ್ಲ. ಹೆದರಬೇಡಿ. ದಯವಿಟ್ಟು ಹೆದರಬೇಡಿ. ನಿಮ್ಮ ಜೊತೆ ಇದ್ದರೆ ತಾನಾಗಿ ನಿಲ್ಲುತ್ತದೆ.

ನೀವು ಮಾಡಿದ ತೀರ್ಮಾನ ಸರಿಯಾಗಿಯೇ ಇದೆ. ಅವಳು ಅಲ್ಲಿರಲಿ. ನನ್ನ ಮಗಳಿಗೂ ನಾನು ಹಾಗೆಯೇ ಬರೆಯುತ್ತೇನೆ, ನನಗೆ ವಯಸ್ಸಾಯಿತು, ಮೂರು ಮಹಡಿ ಹತ್ತಿ ಇಳಿಯಲು ಆಗುವುದಿಲ್ಲ ಎಂದು. ನೀವು ಬೇಡ ಅಂದಿರಿ ಅನ್ನುವುದು ಅವಳಿಗೆ ಗೊತ್ತಾಗುವುದು ಬೇಡ.

ಅವಳ ಉಳಿದ ಬಟ್ಟೆ ಮತ್ತು ಮರದ ಆನೆಯನ್ನು ಪಾರ್ಸೆಲ್ ಮಾಡಿಸಿದ್ದೇನೆ. ಈಜುಕೊಳವನ್ನು ರಿಪೇರಿಗೆಂದು ಬರಿದು ಮಾಡಿದ್ದಾರೆ. ಈಗ ಮಧ್ಯಾಹ್ನ ಛಾವಣಿ ಬರೀ ಛಾವಣಿ.

ಟಕಟಕ ಅಜ್ಜಿ


ಆಗಸ್ಟ್ 14
ನಿಮ್ಮೂರಿನ ರೈಲ್ವೆ ಸ್ಟೇಷನ್, ಹೆಂಗಸರ ವಿಶ್ರಾಂತಿ ಕೋಣೆ

ಬೀಗಿತ್ತಿಯವರಿಗೆ,

ಇಷ್ಟು ದಿನ ನನ್ನಿಂದ ಉತ್ತರ ಬರಲಿಲ್ಲವೆಂದು ನೀವು ಏನೇನೋ ಅಂದುಕೊಂಡಿರಬೇಕು. ಕ್ರಮವಾಗಿ ಹೇಳುತ್ತೇನೆ, ನಡುವೆ ಅಳಬೇಡಿ.

ಡಾಕ್ಟರು ಸಾಸಿವೆಗೆ ಮೊದಲು ಮರದ ತುಂಡುಗಳನ್ನು ಕೊಟ್ಟರು. ಒಂದರ ಮೇಲೊಂದು ಇಟ್ಟು ತನ್ನ ಮೂಗಿನೆತ್ತರಕ್ಕೆ ಗೋಪುರ ಕಟ್ಟಿತು, ಒಂದೂ ಅಲುಗಲಿಲ್ಲ. ಗುಂಡಿ ಹಾಕಲು ಹೇಳಿದರೆ ಡಾಕ್ಟರ ಕೋಟಿನ ಗುಂಡಿಯನ್ನೇ ಬಿಚ್ಚಿತು. ಆಮೇಲೆ ಖಾಲಿ ಲೋಟ ಕೊಟ್ಟರು. ಕೈ ನಡುಗಿತು. ಡಾಕ್ಟರು ನಕ್ಕುಬಿಟ್ಟರು. "ಕೈ ಚೆನ್ನಾಗಿದೆ ಅಮ್ಮ, ಏನೂ ತೊಂದರೆ ಇಲ್ಲ. ಯಾರನ್ನೋ ನೋಡಿ ಹೀಗೆ ಮಾಡ್ತಿದಾಳೆ. ಮನೇಲಿ ಯಾರ ಕೈಯಾದ್ರೂ ನಡುಗುತ್ತಾ?"

"ನಮ್ಮ ಮನೇಲಿ ಯಾರ ಕೈಯೂ ನಡುಗಲ್ಲ" ಅಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಹೊರಗೆ ಕೂತವರೆಲ್ಲ ತಿರುಗಿ ನೋಡಿದರು.

ಆಗಲೂ ನನಗೆ ಹೊಳೆಯಲಿಲ್ಲ. ನಿಮ್ಮ ಕೈಯನ್ನು ನಾನು ನೆನೆದಾಗಲೆಲ್ಲ ಮುತ್ತಿನಂಥ ಅಕ್ಷರವೇ ಕಣ್ಣ ಮುಂದೆ ಬರುತ್ತಿತ್ತು. ಆಮೇಲೆ ನಿಮ್ಮ ಪತ್ರ ಬಂತು. ಹೆದರಬೇಡಿ, ತಾನಾಗಿ ನಿಲ್ಲುತ್ತದೆ ಎಂದಿರಿ. ಡಾಕ್ಟರು ಹೇಳಿದ್ದನ್ನು ನಾನಿನ್ನೂ ನಿಮಗೆ ಬರೆದೇ ಇರಲಿಲ್ಲ. ಅಷ್ಟು ದೂರದಲ್ಲಿ ಕೂತು ಇದು ನಿಮಗೆ ಹೇಗೆ ಗೊತ್ತು ಎಂದು ಅರ್ಥವಾಗದೆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕಲ್ಲುಮೆಟ್ಟಿಲ ಮೇಲೆ ಕೂತೆ. ಸಾಸಿವೆ ಹಳದಿ ಲೋಟ, ನೀಲಿ ಲೋಟ ಎರಡನ್ನೂ ತಂದು ಇಟ್ಟಿತು. ಪಕ್ಕದ ಜಾಗ ತಟ್ಟಿ "ಬಾ" ಅಂದಿತು. ಅವತ್ತು ಮೊದಲ ಸಲ ನಾನು ಆ ಜಾಗದಲ್ಲಿ ಕೂತೆ. ನೀಲಿ ಲೋಟವನ್ನು ಎತ್ತಿ, ನಗುವವರು ನಗಲಿ ಎಂದು, ಕೊಕ್ಕಿನಿಂದಲೇ ಹಾಲು ಕುಡಿದೆ.

ಮಗು ನನ್ನ ಕೈಯನ್ನೇ ನೋಡಿತು. ಅದಕ್ಕೆ ಸರಿಹೋಗಲಿಲ್ಲ. "ಅಜ್ಜಿ, ಹಾಗಲ್ಲ" ಅಂದಿತು. ತನ್ನ ಲೋಟ ಕೆಳಗಿಟ್ಟು, ನನ್ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, ತುಂಬಾ ಮೆಲ್ಲಗೆ ಅಲುಗಿಸಿತು. ಆಮೇಲೆ, "ಹೀಗೆ" ಅಂದಿತು.

ಲೋಟ ಹಿಡಿಯುವುದು ಅಂದರೆ ಹಾಗೆ ಎಂದು ಅದು ತಿಳಿದಿದೆ ಬೀಗಿತ್ತಿಯವರೆ. ತೂಗುವ ಛಾವಣಿಯ ಕೆಳಗೆ, ನಡುಗುವ ಕೈಯ ಪಕ್ಕದಲ್ಲಿ ಮಲಗಿ, ಪ್ರೀತಿಯಿಂದ ಕುಡಿಯುವ ಕ್ರಮವೇ ಇದು ಎಂದು ಕಲಿತುಬಿಟ್ಟಿದೆ. ನೀವೂ ಕೊಕ್ಕಿನ ಲೋಟದಲ್ಲೇ ಕುಡಿಯುತ್ತೀರಿ. ಕೈಯಲ್ಲಿ ಬರೆಯಲು ಆಗುವುದಿಲ್ಲ, ಅದಕ್ಕೇ ಟೈಪು. ತೆರೆದ ಲೋಟವನ್ನು ಮಗುವಿನ ಬಾಯಿಗೆ ಹಿಡಿಯಲು ನಿಮಗೆ ಧೈರ್ಯವಿಲ್ಲ, ಅದಕ್ಕೇ ಸೋಮಾರಿತನ ಎಂದಿರಿ. ಕೈಯ ವಿಷಯ ತಿಳಿದರೆ ಮಗುವನ್ನು ಕಳಿಸುವುದಿಲ್ಲ ಎಂದು ನಿಮಗೆ ಭಯ. ಕೊನೆಗೆ ಮಗುವಿಗೆ ಏನೋ ಆಗಿದೆಯೆಂದು ನಾನು ಹೆದರುವುದನ್ನು ನೋಡಲಾರದೆ ಮಗುವನ್ನೇ ಬಿಟ್ಟುಕೊಟ್ಟಿರಿ. ಆಗಲಾದರೂ ಒಂದು ಮಾತು ಹೇಳಬಾರದಿತ್ತೆ? ನಾನು ಅಷ್ಟು ಕೆಟ್ಟವಳೆ? ಉತ್ತರ ಬೇಡ. ನನ್ನ ಪತ್ರಗಳು ನಿಮ್ಮ ಹತ್ತಿರ ಇವೆ, ನಾನು ಏನು ಬರೆದಿದ್ದೇನೆ ಎಂದು ನನಗೆ ಗೊತ್ತು.

ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಕೆಲಸ ಮಾಡುವುದು ಬರುತ್ತದೆ.

ನಿಮ್ಮನ್ನು ನನ್ನ ಮನೆಗೆ ಕರೆಸಬಹುದಿತ್ತು. ಓರಗಿತ್ತಿ ಅದನ್ನೇ ಹೇಳಿದಳು. ಬಂದರೆ ನೀವು ಹತ್ತು ಜನ ಹೊಲಿಗೆಯವರ ನಡುವೆ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂರುತ್ತೀರಿ, ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತೀರಿ. ಅದು ಬೇಡ. ಕಾರ್ಖಾನೆಯ ಬೀಗದಕೈ ಗೊಂಚಲನ್ನು ಓರಗಿತ್ತಿಯ ಸೊಂಟಕ್ಕೆ ಸಿಕ್ಕಿಸಿದೆ. "ನನಗಾ? ಅಕ್ಕಾ, ನಿಮಗೆ ಜ್ವರ ಏನಾದ್ರೂ ಬಂದಿದೆಯಾ?" ಅಂದಳು. "ಮಾತು ಕಡಿಮೆ ಮಾಡು, ಅಂಚಿನ ಹೊಲಿಗೆ ಒತ್ತಾಗಿರಲಿ" ಅಂದೆ. ನಾನು ಬೀದಿ ತಿರುಗುವವರೆಗೂ ಗೊಂಚಲು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಗಾಡಿಯಲ್ಲಿ ಕೂತ ಮೇಲೆ ನನ್ನ ಸೊಂಟ ಹಗುರವಾಗಿ, ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಕ್ಯಾಂಪಿಗೆ ಬರೆದಾಗಿದೆ. ಮಗು ಒಂದೇ ಮನೆಯಲ್ಲಿರುತ್ತದೆ, ಆ ಮನೆ ಟಕಟಕ ಅಜ್ಜಿಯದು, ನಾನೂ ಅಲ್ಲೇ ಇರುತ್ತೇನೆ, ಕಾರಣ ಕೇಳಬೇಡಿ ಎಂದು. ನಿಮ್ಮ ಕೈಯ ವಿಷಯ ಬರೆದಿಲ್ಲ. ಮಗಳಿಗೆ ಹೇಳಬೇಕಾದವರು ನೀವು, ಈ ವಾರದೊಳಗೆ ಹೇಳುತ್ತೀರಿ. ನಡುಕಕ್ಕೆ ಔಷಧಿ ಇದೆಯಂತೆ, ಡಾಕ್ಟರನ್ನು ಕೇಳಿದೆ. ಸೋಮವಾರ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ, ವಾದ ಬೇಡ.

ಸಾಸಿವೆಗೆ ತೆರೆದ ಲೋಟದಲ್ಲಿ ನಾನು ಕಲಿಸುತ್ತೇನೆ. ನೀವು ನಿಮ್ಮ ಲೋಟದಲ್ಲಿ, ನಮ್ಮ ಎದುರಿಗೇ ಕೂತು ಕುಡಿಯಿರಿ. ಒಬ್ಬೊಬ್ಬರ ಕೈ ಒಂದೊಂದು ಥರ ಎಂದು ಮಗುವಿಗೆ ನಾನು ಹೇಳುತ್ತೇನೆ. ಅದಕ್ಕೆ ಅರ್ಥವಾಗುತ್ತದೆ. ರೈಲಿನಲ್ಲಿ ದಾರಿಯುದ್ದಕ್ಕೂ ಹೊರಗೆ ಮಂಜು. ಕಂಬ, ಮರ, ಊರು ಎಲ್ಲ ಹತ್ತಿಯಲ್ಲಿ ಸುತ್ತಿಟ್ಟ ಹಾಗಿತ್ತು. ಗಾಡಿ ಅಲುಗುವಾಗ ಮಗುವಿಗೆ ಲೋಟದಲ್ಲಿ ಒಂದು ಗುಟುಕು ನೀರು ಕೊಟ್ಟೆ. ಗಾಡಿಯ ಜೊತೆ ನನ್ನ ಕೈಯೂ ಅಲುಗಿತು, ಅದರ ಕೈಯೂ ಅಲುಗಿತು, ಎದುರಿಗಿದ್ದವರ ಕೈಯೂ ಅಲುಗಿತು. ಎಲ್ಲರನ್ನೂ ಒಂದು ಸುತ್ತು ನೋಡಿ, ತೃಪ್ತಿಯಿಂದ ಕುಡಿಯಿತು. ಒಂದು ಹನಿಯೂ ಚೆಲ್ಲಲಿಲ್ಲ.

ಈಗ ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದೆ. ಎದ್ದ ಕೂಡಲೇ ಹೊರಡುತ್ತೇವೆ. ನೀವು ಮುಖ ತೊಳೆದುಕೊಳ್ಳಲು ಸಮಯ ಸಿಗಲಿ ಎಂದು ಈ ಪತ್ರವನ್ನು ಸಾಮಾನು ಹೊರುವವರ ಕೈಯಲ್ಲಿ ಮುಂಚೆ ಕಳಿಸುತ್ತಿದ್ದೇನೆ. ಅವರ ತಲೆಯ ಮೇಲಿರುವುದು ನನ್ನ ಹಾಸಿಗೆ. ಬೇರೆಯವರು ಹೊಲಿದ ಹಾಸಿಗೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ಕಿಟಕಿಯ ಪಕ್ಕ ಹಾಸಿಸಿ. ಹಿಂದಿರುಗುವ ಟಿಕೆಟ್ ನಾನು ತೆಗೆಸಿಲ್ಲ.

ದೊಡ್ಡಜ್ಜಿ